ಬರಿಗಾಲು ಬಲ್ಲ ಮಲೆ

ಶಿವರಾತ್ರಿಗೆ ಇನ್ನೂ ವಾರವಿರುವಾಗಲೇ ಕಳಲೆಯ ಬೀದಿಗಳಲ್ಲಿ ರಾಗಿ ಹುರಿಯುವ ಘಮ ಏಳುತ್ತದೆ. ಕಾದ ಬಾಣಲೆಯಲ್ಲಿ ರಾಗಿ ಚಟಪಟನೆ ಅರಳಿ ಬೆಳ್ಳಗಾದ ಮೇಲೆ ಬೀಸಿ, ಬೆಲ್ಲ ಏಲಕ್ಕಿ ಕುಟ್ಟಿ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಈ ಹುರಿಹಿಟ್ಟಿಗೆ ನೀರೋ ಮಜ್ಜಿಗೆಯೋ ಬಿದ್ದರೆ ಊಟ. ಒಲೆ ಬೇಡ, ಹಳಸುವ ಭಯವಿಲ್ಲ. ಜೊತೆಗೆ ಉಡಲೊಂದು ಹೊದೆಯಲೊಂದು ಬಟ್ಟೆ, ಎರಡು ತೆಂಗಿನಕಾಯಿ, ಧೂಪದ ಪೊಟ್ಟಣ, ಹರಕೆಯ ಕಾಸನ್ನು ಗಂಟು ಹಾಕಿದ ಅರಿಸಿನದ ಬಟ್ಟೆ, ಈಗೀಗ ಮೊಬೈಲಿನ ಚಾರ್ಜರು. ಎಲ್ಲವೂ ಒಂದು ಗೊಬ್ಬರದ ಚೀಲದಲ್ಲಿ ಹಿಡಿಸುತ್ತದೆ. ತೊಳೆದ ಯೂರಿಯಾ ಚೀಲದ ಎರಡು ಮೂಲೆಗೂ ಹಗ್ಗ ಬಿಗಿದು ಬೆನ್ನಿಗೇರಿಸಿದರೆ ಸಿದ್ಧತೆ ಮುಗಿಯಿತು. ಕಾಲಿಗೇನೂ ಇಲ್ಲ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಪರಸೆ ಹೊರಡುವುದು ಬರಿಗಾಲಿನಲ್ಲಿ.

ನಂಜನಗೂಡಿನಿಂದ ಐದಾರು ಕಿಲೋಮೀಟರಿನ ಕಳಲೆಗೆ ದೇವರ ಕೊರತೆಯೇನಿಲ್ಲ. ಊರೊಳಗೆ ಲಕ್ಷ್ಮೀಕಾಂತಸ್ವಾಮಿ, ಕೂಗಳತೆಯಲ್ಲಿ ಕಪಿಲೆಯ ದಡದ ನಂಜುಂಡ. ಆದರೂ ಹರಕೆ ಕಟ್ಟುವ ಕೈ ಪೂರ್ವ ದಿಕ್ಕಿನ ಮಲೆಗೇ ಮುಗಿಯುತ್ತದೆ. ಮೈಸೂರಿನ ಒಡೆಯರಿಗೆ ತಲೆಮಾರುಗಟ್ಟಲೆ ದಳವಾಯಿಗಳನ್ನು ಕೊಟ್ಟ ಊರಿದು. ಆ ಮನೆತನದ ನಂಜರಾಜಯ್ಯ 1750ರ ದಶಕದಲ್ಲಿ ಘಟ್ಟದ ಕೆಳಗೆ ತಿರುಚಿರಾಪಳ್ಳಿಯವರೆಗೂ ದಂಡು ಕೊಂಡುಹೋಗಿ, ಬೊಕ್ಕಸ ಬರಿದು ಮಾಡಿಕೊಂಡು, ಕೋಟೆಯೂ ದಕ್ಕದೆ ಹಿಂತಿರುಗಿದ. ಆ ದಂಡಯಾತ್ರೆ ಇತಿಹಾಸದ ಪುಸ್ತಕ ಸೇರಿತು. ಪರಸೆಯ ದಾರಿಯನ್ನು ಯಾರೂ ಬರೆದಿಟ್ಟಿಲ್ಲ. ವರ್ಷಕ್ಕೊಮ್ಮೆ ಅದನ್ನು ಸವೆಸಿ ಬರುವವರು ಮಾತ್ರ ಇದ್ದಾರೆ.

ಕವಲಂದೆ, ಸಂತೇಮರಹಳ್ಳಿ, ಯಳಂದೂರಿನ ಮೇಲೆ ಹೋದರೆ ದಾರಿ ಹತ್ತಿರ. ಹಾಗಿದ್ದೂ ಕೆಲವು ಗುಂಪುಗಳು ಕಪಿಲೆಯನ್ನು ಎಡಕ್ಕಿಟ್ಟುಕೊಂಡು ಸುತ್ತೂರಿನ ಕಡೆ ನಡೆದು, ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುವಲ್ಲಿ ಮುಳುಗೆದ್ದು, ಆಮೇಲೆ ಕೊಳ್ಳೇಗಾಲಕ್ಕೆ ತಿರುಗುತ್ತವೆ. ಕಾರಣ ಕೇಳಿದರೆ ಉತ್ತರ ಸಿದ್ಧ: ಮಾದಪ್ಪ ಬಂದದ್ದೇ ಈ ಕಡೆಯಿಂದ. ಉತ್ತರದೇಶದಿಂದ ಬಂದ ಎಳೆಯ ಮಾದೇವ ನಂಜನಗೂಡು ಸೀಮೆಯ ಸುತ್ತೂರು ಮಠದಲ್ಲಿ ರಾಗಿ ಬೀಸುವ ಊಳಿಗಕ್ಕೆ ನಿಂತನಂತೆ. ಅಲ್ಲಿಂದ ಕೊಳ್ಳೇಗಾಲದ ಹತ್ತಿರದ ಕುಂತೂರು ಮಠ, ಅಲ್ಲೂ ರಾಗಿಯ ಕೆಲಸವೇ. ಆಮೇಲೆ ಮಲೆ. ದೇವರಗುಡ್ಡರು ರಾತ್ರಿಯಿಡೀ ಹಾಡುವ ಮಾದೇಶ್ವರನ ಕಾವ್ಯದಲ್ಲಿ ಈ ಊರುಗಳೆಲ್ಲ ಸರದಿ ತಪ್ಪದೆ ಬರುತ್ತವೆ. ಹಾಡು ಬಾಯಿಗಿದ್ದವನಿಗೆ ನಕ್ಷೆಯ ಹಂಗಿಲ್ಲ. ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಮಾದಪ್ಪನ ಎಪ್ಪತ್ತೇಳು ಮಲೆಗಳಲ್ಲಿ ಏಳನ್ನು ಒಂದೇ ಉಸಿರಿನಲ್ಲಿ ಹೇಳಿ, ಉಳಿದ ಎಪ್ಪತ್ತನ್ನು ಕೈಬೀಸಿ ತೋರಿಸಿಬಿಡುತ್ತಾರೆ.

ಬಯಲಿನ ನಡಿಗೆಯನ್ನು ಯಾರೂ ಸಾಹಸ ಎನ್ನುವುದಿಲ್ಲ. ಆದರೆ ಕಾಲು ಕೆಡುವುದು ಅಲ್ಲೇ. ಬೆಳಗಿನ ಜಾವ ಎದ್ದು ಬಿಸಿಲೇರುವವರೆಗೆ ನಡೆ, ಹೊಂಗೆಯ ನೆರಳಲ್ಲೋ ಶಾಲೆಯ ಜಗಲಿಯಲ್ಲೋ ಮಧ್ಯಾಹ್ನ ಕಳೆ, ಬಿಸಿಲು ತಗ್ಗಿದ ಮೇಲೆ ಮತ್ತೆ ನಡೆ. ನಾಲೆ ನೀರಿನ ಗದ್ದೆ, ಕಬ್ಬಿನ ತೋಟ ಇರುವಷ್ಟು ದೂರ ದಾರಿಯ ಅಂಚು ತಣ್ಣಗೆ. ಡಾಂಬರಿಗೆ ಹತ್ತಿದ ಮೇಲೆ ಅಂಗಾಲು ಸುಡುತ್ತದೆ, ಬೊಬ್ಬೆ ಏಳುತ್ತದೆ. ನರಸೀಪುರ ದಾಟಿದ ಮೇಲೆ ಒಂದು ಅರಳಿಕಟ್ಟೆಯ ಬಳಿ ಮುದುಕಿಯೊಬ್ಬಳು ಹುಡುಗನ ಪಾದವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಸೂಜಿಯನ್ನು ಬೆಂಕಿಕಡ್ಡಿಯಲ್ಲಿ ಕಾಯಿಸಿ, ಬೊಬ್ಬೆಯ ಒಂದು ಮಗ್ಗುಲಿಂದ ಚುಚ್ಚಿ ಇನ್ನೊಂದು ಮಗ್ಗುಲಿಗೆ ದಾರ ಎಳೆದಳು. ದಾರವನ್ನು ಪೂರಾ ತೆಗೆಯಲಿಲ್ಲ. ಎರಡೂ ಕಡೆ ಗೇಣರ್ಧ ಉಳಿಸಿ ಕತ್ತರಿಸಿದಳು. ನೀರು ದಾರದ ಗುಂಟ ತಾನೇ ಜಿನುಗತೊಡಗಿತು. ಮೇಲೆ ಅರಿಸಿನ, ಹರಳೆಣ್ಣೆ. "ಚರ್ಮ ಕೀಳಬ್ಯಾಡ ಕನಾ, ಅದೇ ನಿನ್ನ ಜೋಡು" ಎಂದಳು. ಹುಡುಗ ಮೈಸೂರಿನ ಕಾಲೇಜೊಂದರಲ್ಲಿ ಓದುವವನು. ಊರಿನ ಗೆಳೆಯರೊಂದಿಗೆ ಪಂತ ಕಟ್ಟಿ ಬಂದಿದ್ದ. ಅರ್ಧ ದಾರಿಯಲ್ಲಿ ಬಸ್ಸು ಹತ್ತುವ ಆಸೆ ಅವನ ಮುಖದಲ್ಲೇ ಬರೆದಿತ್ತು.

ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಪಾನಕ, ಅನ್ನ ಸಾರು ಇಟ್ಟುಕೊಂಡು ಕಾಯುತ್ತಾರೆ. ಜಾತಿ ಕೇಳುವವರಿಲ್ಲ. ಕೇಳಿದರೂ ಉತ್ತರ ಒಂದೇ: ಮಾದಪ್ಪನ ಒಕ್ಕಲು.

ಕೊಳ್ಳೇಗಾಲ ಬರುವಾಗ ಬಲಗಡೆಗೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ನಿಂತಿರುತ್ತದೆ. ಹಿಪ್ಪುನೇರಳೆ ತೋಟ, ರೇಷ್ಮೆ ಮಗ್ಗದ ಸದ್ದು. 1956ರ ನವೆಂಬರ್ 1ರವರೆಗೆ ಇದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆ. ಆಮೇಲೆ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ ಜಿಲ್ಲೆ. ಸರ್ಕಾರದ ಕಾಗದದಲ್ಲಿ ಮಾದಪ್ಪನ ವಿಳಾಸ ಎರಡು ಸಲ ಬದಲಾಗಿದೆ. ಕಳಲೆಯ ಒಕ್ಕಲಿಗೆ ಅದರಿಂದ ಒಂದು ಹೆಜ್ಜೆಯೂ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ.

ಕಾಮಗೆರೆ ದಾಟಿ ಹನೂರು ಸೇರುವಷ್ಟರಲ್ಲಿ ನೆಲದ ಬಣ್ಣವೇ ಬೇರೆ. ಪಶ್ಚಿಮಘಟ್ಟದ ಮಳೆ ಇಲ್ಲಿಗೆ ಬರುವ ಮೊದಲೇ ಕೈ ಖಾಲಿ ಮಾಡಿಕೊಂಡಿರುತ್ತದೆ. ಹಿಂಗಾರು ಕೊಟ್ಟದ್ದೇ ಕೊಡುಗೆ. ರಾಗಿ ಕೊಯ್ದ ಕೂಳೆ, ಹುರುಳಿ, ಜೋಳದ ಒಣ ದಂಟು, ಬಂಡೆಯ ಗುಡ್ಡ. ಮುಂದೆ ಕೌದಳ್ಳಿ. ಅಲ್ಲಿಂದಾಚೆ ದಿಗಂತವೆಲ್ಲ ಒಂದರ ಬೆನ್ನಿಗೊಂದು ಮಲೆ.

ನಾಡಿನ ಉಳಿದವರಿಗೆ ಈ ಮಲೆ ಪರಿಚಯವಾದದ್ದು ಪತ್ರಿಕೆಗಳ ಮೂಲಕ, ಅದೂ ಯಾರಾದರೂ ಸತ್ತಾಗ ಮಾತ್ರ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕೊಲೆ. 1993ರ ಏಪ್ರಿಲ್ 9ರಂದು ಪಾಲಾರಿನಲ್ಲಿ ನೆಲಬಾಂಬು ಸಿಡಿದು 22 ಜನ. 2002ರಲ್ಲಿ ಕಾಮಗೆರೆಯ ತಮ್ಮ ಮನೆಯಿಂದಲೇ ಅಪಹರಣವಾದ ಮಾಜಿ ಸಚಿವ ಎಚ್. ನಾಗಪ್ಪ ತಿಂಗಳುಗಳ ನಂತರ ಹೆಣವಾಗಿ ಸಿಕ್ಕರು. ಕಾಡುಗಳ್ಳ ವೀರಪ್ಪನ್ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯಲ್ಲಿ ಸತ್ತ. ಆದರೆ ಅವನ ಮೀಸೆ ಮಾತ್ರ ಈ ಬೆಟ್ಟದ ಮೇಲೆ ಅಂಟಿಕೊಂಡೇ ಉಳಿಯಿತು. ಇಂದಿಗೂ ಬೆಂಗಳೂರಿನಲ್ಲಿ ಹನೂರಿನವನು ಎಂದರೆ ಎದುರಿನವನ ಮೊದಲ ಪ್ರಶ್ನೆ ಅದೇ. ಗೋಪಿನಾಥಂ ಎಂದರೆ ಕೇಳುವುದೇ ಬೇಡ. ವೀರಪ್ಪನ್ ಹುಟ್ಟಿದ ಅದೇ ಗೋಪಿನಾಥಂನ ಜನ ಶ್ರೀನಿವಾಸ್ ಮುಂದೆ ನಿಂತು ಕಟ್ಟಿಸಿದ ಮಾರಿಯಮ್ಮನ ಗುಡಿಯನ್ನೂ ಅವರ ನೆನಪನ್ನೂ ಕಾಪಿಟ್ಟುಕೊಂಡಿದ್ದಾರೆ ಎಂಬುದು ಸುದ್ದಿಯಾಗುವುದಿಲ್ಲ. ಕಾಡುಗಳ್ಳನಿಗೂ ಅವನನ್ನು ಹಿಡಿಯಲು ಬಂದ ಕಾರ್ಯಪಡೆಗೂ ನಡುವೆ ಸಿಕ್ಕಿಬಿದ್ದ ಹಳ್ಳಿಗರ ಪಾಡು ತಡವಾಗಿ ಹೊರಬಂತು. ಮಲೆಯ ಮೇಲಿದ್ದ ಕಾರ್ಯಪಡೆಯ ವಿಚಾರಣೆಯ ಕಟ್ಟಡಕ್ಕೆ ಜನ ಇಟ್ಟ ಹೆಸರು 'ವರ್ಕ್‌ಷಾಪ್'. ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಬೇಕೆಂದಿತು. ಅಷ್ಟು ಹೊತ್ತಿಗೆ ಸಿನಿಮಾದವರು ಮಲೆಗೆ ಬಂದೂಕಿನ ಹಿನ್ನೆಲೆ ಸಂಗೀತ ಹಾಕಿ ಮುಗಿಸಿದ್ದರು.

ಆ ವರ್ಷಗಳಲ್ಲಿ ಪರಸೆ ಏನಾಯಿತು? ಬೀಡಿ ಹಚ್ಚುತ್ತಿದ್ದ ಹಿರಿಯರೊಬ್ಬರು ನಕ್ಕರು. "ಏನಾದದು? ಹೋದೋ, ಬಂದೋ. ಚೆಕ್‌ಪೋಸ್ಟಲ್ಲಿ ಗಂಟು ಬಿಚ್ಚುಸಿ ಹುರಿಟ್ಟು ಮೂಸಿ ನೋಡೋರು, ಕಾಡೊಳಿಕ್ಕೆ ದಿನಸಿ ಸಾಗುಸ್ತಾ ಇದ್ದೀವೋ ಏನೋ ಅಂತ. ಒಬ್ಬ ಪೇದೆ ಒಂದು ಮುಕ್ಕು ತಿಂದು, ಚೆನ್ನಾಗದೆ ಕಣಜ್ಜ ಅಂದ." ಭಯವಿರಲಿಲ್ಲವೇ? "ಭಯ ಇತ್ತು. ಆನೆ ಭಯ. ಅದು ಈಗ್ಲೂ ಅದೆ."

ಕಳಲೆಯವರಿಗೆ ಈ ಮಲೆ ಎಂದೂ ಪರಸ್ಥಳವಾಗಿರಲಿಲ್ಲ. ಹಟ್ಟಿಗೊಬ್ಬ ಮಾದೇವ, ಮಾದೇವಮ್ಮ, ಮಾದೇಶ, ಮಾದಪ್ಪ ಇರುವ ಸೀಮೆಯಿದು. ಶಾಲೆಯ ಹಾಜರಿ ಪುಸ್ತಕದಲ್ಲಿ ಮೇಷ್ಟರು ಅಪ್ಪನ ಹೆಸರು ಸೇರಿಸಿ ಕೂಗದಿದ್ದರೆ ನಾಲ್ವರು ಒಟ್ಟಿಗೆ 'ಬಂದೆ ಸಾ' ಎನ್ನುತ್ತಾರೆ. ಮಗುವಿನ ಮುಡಿ, ಎಮ್ಮೆಯ ಮೊದಲ ಹಾಲಿನ ತುಪ್ಪ, ಹೊಸ ರಾಗಿ, ಮದುವೆಯಾದ ಜೋಡಿ, ಎಲ್ಲವೂ ಅಲ್ಲಿಗೆ ಒಮ್ಮೆ ಹೋಗಿ ಬರಲೇಬೇಕು. ನೆಂಟರ ಮನೆಗೆ ಹೋಗಲು ಯಾರಾದರೂ ಪತ್ರಿಕೆ ಓದಿ ತೀರ್ಮಾನಿಸುತ್ತಾರೆಯೇ?

ತಾಳಬೆಟ್ಟದಲ್ಲಿ ಮಲೆಯ ಬಾಗಿಲು. ಬೆಳಗಿನ ನಾಲ್ಕು ಗಂಟೆಗೆ ಅಲ್ಲಿ ಕರ್ಪೂರದ ಹೊಗೆ ಮಂಜಿನ ಹಾಗೆ ಕವಿದಿತ್ತು. ಈಡುಗಾಯಿ ಒಡೆಯುವ ಸದ್ದು ನಿಲ್ಲುವುದಿಲ್ಲ. ಚೂರು ಆಯುವ ಮಕ್ಕಳ ಕೈ ಕಾಯಿ ಬೀಳುವ ಮೊದಲೇ ಅಲ್ಲಿರುತ್ತದೆ. "ಉಘೇ ಮಾದಪ್ಪ!" ಎಂದು ಒಬ್ಬ ಕೂಗಿದರೆ ಇನ್ನೂರು ಗಂಟಲು "ಉಘೇ!" ಎನ್ನುತ್ತವೆ. ಮುಂದಿನ ಗುಂಪು ಕತ್ತಲಲ್ಲಿ ಎಲ್ಲಿದೆ, ಎಷ್ಟು ಮೇಲೆ ಹೋಗಿದೆ ಎಂಬುದು ತಿಳಿಯುವುದೂ ಈ ಕೂಗಿನಿಂದಲೇ. ಆನೆಗೆ ದಾರಿ ಬಿಡಿ ಎಂದು ಹೇಳಿಕಳಿಸುವುದೂ ಇದರಿಂದಲೇ.

ವಾಹನದ ರಸ್ತೆ ಹಾವಿನಂತೆ ಸುತ್ತಿ ಹೋದರೆ ಕಾಲುದಾರಿ ನೇರ ಎದೆಯೇರುತ್ತದೆ. ಲೆಕ್ಕಕ್ಕೆ ಹಿಡಿದರೆ ಇದೇನು ಮಹಾ ಎತ್ತರವಲ್ಲ. ದೇವಸ್ಥಾನ ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿಯಲ್ಲಿ. ನಂಜನಗೂಡು ಈಗಾಗಲೇ 2,000 ಅಡಿಯ ಮೇಲಿದೆ. ಆದರೆ ಈ ಮಲೆ ಒಮ್ಮೆ ಹತ್ತಿದರೆ ಮುಗಿಯುವಂಥದ್ದಲ್ಲ. ಹತ್ತಿಸುತ್ತದೆ, ಹತ್ತಿಸಿದ್ದನ್ನು ಇಳಿಸುತ್ತದೆ, ಇಳಿಸಿದ್ದಕ್ಕೆ ಎರಡರಷ್ಟು ಮತ್ತೆ ಹತ್ತಿಸುತ್ತದೆ. ಆನೆತಲೆದಿಂಬ ಬಂದಾಗ ಇನ್ನೇನು ಬಂತು ಎನಿಸುತ್ತದೆ. ರಂಗಸ್ವಾಮಿ ಒಡ್ಡು ಬಂದಾಗಲೂ ಹಾಗೇ ಎನಿಸುತ್ತದೆ. ಬಂದಿರುವುದಿಲ್ಲ.

ಬೆಳಕು ಹರಿದಾಗ ಕಾಡು ಕಾಣುತ್ತದೆ. ಶಿವರಾತ್ರಿಯ ಹೊತ್ತಿಗೆ ಇಲ್ಲಿನ ಮರಗಳು ಎಲೆಯನ್ನೆಲ್ಲ ಕಳಚಿಕೊಂಡು ನಿಂತಿರುತ್ತವೆ. ಮಳೆನಾಡಿನ ಕಾಡು ಕಂಡವರು ಇದನ್ನು ಸತ್ತ ಕಾಡು ಎಂದುಕೊಳ್ಳುತ್ತಾರೆ. ಅದು ಈ ಮಲೆಯ ಬಗ್ಗೆ ಇರುವ ಇನ್ನೊಂದು ತಪ್ಪು ಗ್ರಹಿಕೆ. ಆರೇಳು ತಿಂಗಳು ನೀರಿಲ್ಲದೆ ಬದುಕುವ ದಿಂಡಿಗ, ತಡಸಲು, ನೆಲ್ಲಿ, ಬಿದಿರಿಗೆ ಎಲೆ ಉದುರಿಸುವುದೇ ಉಳಿತಾಯ. ಅಲ್ಲೊಂದು ಇಲ್ಲೊಂದು ಮುತ್ತುಗ ಮಾತ್ರ ಎಲೆಯಿಲ್ಲದ ಕೊಂಬೆಯಲ್ಲಿ ಕೆಂಪು ಹೂ ಹೊತ್ತಿರುತ್ತದೆ. ನೆಲದ ಮೇಲೆ ಲಂಟಾನದ ಪೊದೆ, ಯಾರೂ ಕರೆಯದೆ ಬಂದು ಕೂತ ನೆಂಟ. ಮಲೆಯ ಸೋಲಿಗರು ಅದರ ಕಡ್ಡಿ ಬೇಯಿಸಿ ಸಿಪ್ಪೆ ಸುಲಿದು ಕುರ್ಚಿ ಹೆಣೆಯುತ್ತಾರೆ, ಆನೆಯ ಪ್ರತಿಮೆಗಳನ್ನೂ ಕಟ್ಟುತ್ತಾರೆ. ಈ 906 ಚದರ ಕಿಲೋಮೀಟರನ್ನು 2013ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಒಂದು ಕಡೆ ಕಾವೇರಿ ವನ್ಯಧಾಮ, ಇನ್ನೊಂದು ಕಡೆ ಬಿಳಿಗಿರಿ, ತಮಿಳುನಾಡಿನ ಕಡೆ ಸತ್ಯಮಂಗಲ. ಆನೆಗಳಿಗೆ ಇದು ಹಜಾರದಿಂದ ಅಡುಗೆಮನೆಗೆ ಹೋಗುವ ಪಡಸಾಲೆ.

ಏರಿನಲ್ಲಿ ಬರಿಗಾಲಿನ ಗುಟ್ಟು ತಿಳಿಯಿತು. ಬೆಂಗಳೂರಿನಿಂದ ಬಂದ ನಾಲ್ಕೈದು ಮಂದಿ ಒಳ್ಳೆಯ ಟ್ರೆಕ್ಕಿಂಗ್ ಬೂಟಿನಲ್ಲಿದ್ದರು. ಹರಳುಗಲ್ಲಿನ ಮೇಲೆ ಬೂಟು ಜಾರುತ್ತಿತ್ತು. ಮುದುಕಿಯ ಹೆಬ್ಬೆರಳು ಕಲ್ಲಿನ ಸಂದು ಹುಡುಕಿ ಹಿಡಿದುಕೊಳ್ಳುತ್ತಿತ್ತು. ಪಾದರಕ್ಷೆಯ ಮಾತು ಬಂದದ್ದೇ ತಡ, ದೇವರಗುಡ್ಡ ಶ್ರವಣನ ಕಥೆ ತೆಗೆದ. ದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟಿದ್ದ ಶ್ರವಣ ದೊರೆ ಬಲದಿಂದ ಸಾಯುವವನಲ್ಲ. ಮಾದಪ್ಪ ಮಾದಿಗರ ಹರಳಯ್ಯನ ಬಳಿ ಹೋಗಿ, ಒಳಗೆ ಅರಗು ತುಂಬಿದ ಚೆಂದದ ಪಾದರಕ್ಷೆ ಮಾಡಿಸಿದ. ಶ್ರವಣ ಬೆರಗಾಗಿ ಮೆಟ್ಟಿದ, ಅರಗು ಹೊತ್ತಿಕೊಂಡಿತು. "ಅದ್ಕೇ ಸಾ, ಮಾದಪ್ಪನ ಮುಂದೆ ಜೋಡು ಹಾಕಂಡು ಮೆರಿಬಾರ್ದು" ಎಂದು ಬೂಟಿನವರತ್ತ ನೋಡಿ ಕಣ್ಣು ಮಿಟುಕಿಸಿದ. ಒಬ್ಬ ನಿಜವಾಗಿಯೂ ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡ. ನೂರು ಹೆಜ್ಜೆಗೆ ಮತ್ತೆ ತೊಟ್ಟ.

ಆ ದೇವರಗುಡ್ಡನ ಕೈಯ ಕಂಸಾಳೆಯನ್ನು ಹತ್ತಿರದಿಂದ ನೋಡಬೇಕು. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ದಾರದ ತುದಿಗೆ ಬಣ್ಣದ ಗೊಂಡೆ. ಬಟ್ಟಲಿನ ತುಟಿ ತಾಳ ಬಿದ್ದೂ ಬಿದ್ದೂ ಒಂದು ಕಡೆ ಕೂದಲೆಳೆಯಷ್ಟು ಸವೆದಿದೆ. ಕೂತು ಹಾಡುವಾಗ ಅದು ಲಯಕ್ಕೆ ಮಾತ್ರ. ಎದ್ದು ಕುಣಿದರೆ ತಾಳ ಬೆನ್ನ ಹಿಂದಕ್ಕೆ, ತೊಡೆಯ ಅಡಿಗೆ, ತಲೆಯ ಮೇಲಕ್ಕೆ ಹಾರಿ ಬಂದು ಬಟ್ಟಲಿನ ಅದೇ ಜಾಗಕ್ಕೆ ಬೀಳುತ್ತದೆ. ದಸರಾ ಮೆರವಣಿಗೆಯಲ್ಲಿ ಕಾಣುವ ಕಂಸಾಳೆಗೆ ಸಮವಸ್ತ್ರ, ಸಾಲು ಎಲ್ಲ ಇದೆ. ಇಲ್ಲಿ ಏದುಸಿರು ಬಿಡುತ್ತಾ ಏರುವವನು ನಡೆಯುವ ಲಯಕ್ಕೇ ಬಾರಿಸುತ್ತಾನೆ. ಅವನು ನಿಂತರೆ ಅವನ ಹಿಂದಿನ ಐವತ್ತು ಜನ ನಿಲ್ಲುತ್ತಾರೆ.

ಮೇಲೆ ತಲುಪಿದಾಗ ಮಲೆ ಊರಾಗಿರುತ್ತದೆ. ಅಂತರಗಂಗೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಉರುಳುವವರು, ಪಂಜಿನ ಸೇವೆಯವರು, ಮುಡಿ ಕೊಟ್ಟು ನುಣ್ಣಗೆ ಹೊಳೆಯುವ ತಲೆಗಳು, ಲಾಡಿನ ಸಾಲು, ದಾಸೋಹದ ಸಾಲು, ಕಳೆದುಹೋದ ಮಕ್ಕಳ ಹೆಸರು ಕೂಗುವ ಮೈಕು. ಹುಲಿವಾಹನದ ಉತ್ಸವಕ್ಕೆ ನೂಕುನುಗ್ಗಲು. ಪೂಜೆ ಬೇಡಗಂಪಣರದು, ದೀಪಾವಳಿಗೆ ಬಂದರೆ ಆ ಮನೆತನಗಳ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ಬರುವ ಹಾಲರವೆ ನೋಡಬಹುದು. ದೀಪದಗಿರಿ ಒಡ್ಡಿನಲ್ಲಿ 2023ರಲ್ಲಿ ಅನಾವರಣಗೊಂಡ 108 ಅಡಿಯ ಮಾದೇಶ್ವರ ಹುಲಿಯೇರಿ ನಿಂತಿದ್ದಾನೆ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಸಚಿವ ಸಂಪುಟವೇ ಇಲ್ಲಿ ಸಭೆ ಸೇರಿತ್ತು. ನನಗೆ ಈ ಕಾಂಕ್ರೀಟಿನ ಎತ್ತರ ಅಷ್ಟಾಗಿ ಹಿಡಿಸಲಿಲ್ಲ. ಎಪ್ಪತ್ತೇಳು ಮಲೆ ಇರುವಲ್ಲಿ 108 ಅಡಿ ಯಾವ ಲೆಕ್ಕ? ಆದರೆ ಮೊಬೈಲಿನಲ್ಲಿ ತನ್ನ ಹಿಂದೆ ಮಾದಪ್ಪ ಪೂರ್ತಿ ಬರುವಂತೆ ಪಟ ತೆಗೆಸಿಕೊಳ್ಳುತ್ತಿದ್ದ ಕಳಲೆಯ ಮುದುಕಿಗೆ ನನ್ನ ತಕರಾರು ಹೇಳಲು ಹೋಗಲಿಲ್ಲ.

ಪರಸೆ ಇಲ್ಲಿಗೆ ನಿಲ್ಲುತ್ತದೆ. ಕೆಲವರು ಇಂಡಿಗನತ್ತದ ಮೇಲೆ ನಾಗಮಲೆಗೆ ಹೋಗುತ್ತಾರೆ. ನಗರದ ಚಾರಣಿಗರಿಗೆ ಈಚೆಗೆ ಪ್ರಿಯವಾದ ದಾರಿ ಅದು, ಇನ್ನೂ ಹದಿನಾಲ್ಕು ಕಿಲೋಮೀಟರಿನಷ್ಟು ಏರಿಳಿತ. ಇಳಿಜಾರಿನ ಬದಿಯಲ್ಲಿ ಕಾಣುವ ಹೊಲ, ಕಲ್ಲಿನ ಬೇಲಿ, ಹಂಚಿನ ಮನೆಗಳನ್ನು ನೋಡಿ ಚಾರಣಿಗರು 'ಎಷ್ಟು ಪ್ರಶಾಂತ' ಎನ್ನುತ್ತಾರೆ. ಈ ಮಲೆಯೊಳಗಿನ ಹಳ್ಳಿಗಳಲ್ಲಿ ಹೆರಿಗೆ ನೋವು ಬಂದರೆ, ಹಾವು ಕಡಿದರೆ, ಬಿದಿರ ಗಳುವಿಗೆ ಸೀರೆಯನ್ನೋ ಕಂಬಳಿಯನ್ನೋ ಜೋಲಿ ಕಟ್ಟಿ, ಮುಂದಿಬ್ಬರು ಹಿಂದಿಬ್ಬರು ಹೆಗಲು ಕೊಟ್ಟು ರಸ್ತೆ ಸಿಗುವವರೆಗೆ ಹೊತ್ತು ತರಬೇಕು. ಡೋಲಿ ಹೊರುವವರ ದಾಪುಗಾಲಿಗೆ ಯಾವ ಚಾರಣಿಗನೂ ಸಾಟಿಯಲ್ಲ. ರಸ್ತೆ, ನೀರು, ವಿದ್ಯುತ್ತಿಗಾಗಿ ಕೇಳಿ ಕೇಳಿ ಸಾಕಾದ ಇಂಡಿಗನತ್ತದವರು 2024ರ ಏಪ್ರಿಲ್ 26ರ ಲೋಕಸಭೆ ಮತದಾನವನ್ನು ಬಹಿಷ್ಕರಿಸಿದರು. ಮತ ಹಾಕಿ ಎಂಬ ಒತ್ತಾಯದ ಮಾತು ಜಗಳವಾಗಿ, ಮತಗಟ್ಟೆ ಧ್ವಂಸವಾಯಿತು. 29ಕ್ಕೆ ಮರುಮತದಾನ. ಮಲೆ ಮತ್ತೆ ಪತ್ರಿಕೆಯ ಮುಖಪುಟಕ್ಕೆ ಬಂತು. ಮತಯಂತ್ರ ಒಡೆದದ್ದು ದೊಡ್ಡಕ್ಷರದಲ್ಲಿತ್ತು. ಡೋಲಿ ಒಳಪುಟದಲ್ಲಿತ್ತು.

ಮರುವರ್ಷ ಜೂನ್ 26ಕ್ಕೆ ಇನ್ನೊಂದು ಮುಖಪುಟ. ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿ. ವಿಷ ಹಾಕಿದ ಹಸುವಿನ ಕಳೇಬರ ತಿಂದು ಸತ್ತವು. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಕಾಡು ಇದು. ಆ ಸುದ್ದಿ ಬಂದಾಗ ಕಳಲೆಯ ಕಡೆ ಚಹದಂಗಡಿಯಲ್ಲಿ ಕುಳಿತವರು ಹೆಚ್ಚು ಮಾತಾಡಲಿಲ್ಲವಂತೆ. ಯಾರೋ ಒಬ್ಬ, "ಮಲೆಯೋರೆಲ್ಲ ಅಂಗೇ" ಎಂದನಂತೆ. ಪಕ್ಕದಲ್ಲಿದ್ದವನು, "ಹಸ ಕಳಕಂಡೋನ್ಗೆ ಹಸದ ಕಾಸು ಹೊತ್ತಿಗ್ ಸಿಕ್ತಾ, ಅದ್ನ ಕೇಳು ಮೊದ್ಲು" ಎಂದು ಬಾಯಿ ಮುಚ್ಚಿಸಿದನಂತೆ. ಆ ಮಾತು ಹುಲಿ ಕೊಂದದ್ದನ್ನು ಒಪ್ಪುವ ಮಾತಲ್ಲ. ಮಲೆಯಲ್ಲಿ ಬೆಳಗಾಗುವುದು ಹೇಗೆಂದು ಬಲ್ಲವನ ಮಾತು.

ವಾಪಸು ಯಾರೂ ನಡೆಯುವುದಿಲ್ಲ. ಹರಕೆ ಹೋಗುವುದಕ್ಕೆ ಮಾತ್ರ, ಬರುವುದು ಸರ್ಕಾರದ ಪಾಡು. ಬೆಟ್ಟದ ನಿಲ್ದಾಣದಲ್ಲಿ ಕೊಳ್ಳೇಗಾಲದ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು, ಚೀಲ, ಒಂದು ಮಗು ಒಳಗೆ ಹೋಗಿ ಸೀಟು ಹಿಡಿದಿದ್ದವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಕುಂಕುಮ ಮೆತ್ತಿದ ಆಧಾರ್ ಕಾರ್ಡು ತೋರಿಸಿ ಕಾಲು ಚಾಚಿದರು. ಬೊಬ್ಬೆಗೆ ದಾರ ಎಳೆದಿದ್ದ ಮುದುಕಿಯ ಪಕ್ಕದಲ್ಲಿ ಕಾಲೇಜು ಹುಡುಗ ಒಂಟಿ ಕಾಲಲ್ಲಿ ನೇತಾಡುತ್ತಿದ್ದ. ಕಂಡಕ್ಟರು ಅವನತ್ತ ಕೈ ಚಾಚಿದರು. ಜೇಬು ತಡಕಿದ, ಹರಕೆ ಹುಂಡಿಗೆ ಹಾಕುವ ಭರದಲ್ಲಿ ಬಸ್ಸಿನ ಕಾಸೂ ಹೋಗಿತ್ತು. "ಮಾದಪ್ಪನ್ಗೆ ಹಾಕಿದ್ದ ಮಾದಪ್ಪನ್ನೇ ಕೇಳು" ಎಂದು ಮುದುಕಿ ಗೊಣಗುತ್ತಲೇ ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟಳು. "ಮುಂದಿನ ವರ್ಸ ನಡ್ಕಂಡ್ ಬಂದು ತೀರ್ಸು" ಎಂದದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಚಾಲಕ ಗೇರು ಬದಲಿಸಿ ಮೊದಲ ತಿರುವಿಗೆ ಹಾರನ್ ಒತ್ತಿದ. ಎದುರಿನಿಂದ ಇನ್ನೊಂದು ಪರಸೆ ಏರಿ ಬರುತ್ತಿತ್ತು.